ಖಾಲಿ ಬಾಟಲಿಯ ಅನಾಮತ್ತು ಯಾರ ಪಾಲು?

ನೆರೆಯ ಕೇರಳ ಸರ್ಕಾರವು 2025ರ ಸೆಪ್ಟೆಂಬರ್ 10ರಿಂದ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಆಯ್ದ ಮದ್ಯದಂಗಡಿಗಳಲ್ಲಿ ಹೊಸದೊಂದು ಪದ್ಧತಿಯನ್ನು ಜಾರಿಗೆ ತಂದಿತು. ಬಾಟಲಿಯೊಂದಕ್ಕೆ 20 ರೂಪಾಯಿ ಹೆಚ್ಚುವರಿಯಾಗಿ ಪಡೆಯುವುದು, ಖಾಲಿ ಬಾಟಲಿಯನ್ನು ತಂದೊಪ್ಪಿಸಿದಾಗ ಆ ಹಣವನ್ನು ಹಿಂದಿರುಗಿಸುವುದು ಆ ಪದ್ಧತಿಯ ಸಾರ. ಇದಕ್ಕೂ ಮೊದಲು, 2022ರ ಮೇ ತಿಂಗಳಲ್ಲಿ, ಮದ್ರಾಸ್ ಹೈಕೋರ್ಟಿನ ನಿರ್ದೇಶನದ ಮೇರೆಗೆ ತಮಿಳುನಾಡು ಸರ್ಕಾರವು ನೀಲಗಿರಿ ಜಿಲ್ಲೆಯಲ್ಲಿ 10 ರೂಪಾಯಿಯ ಇಂಥದೇ ಯೋಜನೆಯನ್ನು ಆರಂಭಿಸಿ, ನಂತರ ಒಂದೊಂದೇ ಜಿಲ್ಲೆಗೆ ವಿಸ್ತರಿಸುತ್ತ ಬಂದಿದೆ. ಗೋವಾ ಸರ್ಕಾರ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಅಧಿಸೂಚನೆಯಂತೂ ಮದ್ಯದ ಬಾಟಲಿಗಳಿಗೆ ಸೀಮಿತವಾಗದೆ ನೀರು, ತಂಪು ಪಾನೀಯ, ಹಾಲು ಮುಂತಾದವುಗಳ ಹೊದಿಕೆಗಳನ್ನೂ ಒಳಗೊಂಡಿತ್ತು. ಹೀಗೆ ಕರ್ನಾಟಕದ ಮೂರು ನೆರೆ ರಾಜ್ಯಗಳಲ್ಲಿ ಖಾಲಿ ಬಾಟಲಿಯ ಪ್ರಶ್ನೆ ಚರ್ಚೆಗೆ ಬಂದಿದೆ. ಇಂದಲ್ಲದಿದ್ದರೆ ನಾಳೆ ನಮ್ಮ ರಾಜ್ಯವೂ ಇದನ್ನು ಎದುರಿಸಲೇಬೇಕು. ಹಾಗೆ ಎದುರಿಸುವಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಜನಸಾಮಾನ್ಯರ ಹಿತವು ಬೆಂಗಳೂರಿನ ಮೇಜಿನ ಮೇಲೆ ಕಾಣಿಸುವುದೇ ಎಂಬುದು ನಮ್ಮ ಕಳವಳ.

ಈ ಯೋಜನೆಗಳಿಗೆ ದೊರೆತ ಜನಪ್ರತಿಕ್ರಿಯೆಯು ಬಹಳ ಬೋಧಪ್ರದವಾಗಿದೆ. ಕೊಳ್ಳುವವರ ಮೊದಲ ಮಾತು, 'ಇದು ಬೆಲೆ ಏರಿಕೆಯ ಇನ್ನೊಂದು ಹೆಸರು' ಎಂಬುದು. ಬಾಟಲಿಯನ್ನು ಕೊಂಡ ಅಂಗಡಿಗೇ, ಅದೂ ಚೀಟಿ ಕೀಳದಂತೆ ಜೋಪಾನವಾಗಿ ತಂದೊಪ್ಪಿಸಬೇಕೆಂಬ ನಿಯಮ ಕೇರಳದ ಆರಂಭದ ದಿನಗಳಲ್ಲಿ ಇದ್ದುದರಿಂದ ದೂರದೂರಿನಿಂದ ಬಂದವರು ಗೊಣಗಿದರು. ಅಂಗಡಿಯ ನೌಕರರಿಗೆ ಬೇರೆಯದೇ ಸಂಕಟ. ಚೀಟಿ ಅಂಟಿಸುವುದು, ಖಾಲಿ ಬಾಟಲಿ ಎಣಿಸುವುದು, ಹಣ ಮರಳಿಸುವುದು, ಒಡೆದ ಗಾಜನ್ನು ಬಳಿಯುವುದು, ಇಷ್ಟೆಲ್ಲವೂ ಅದೇ ಸಂಬಳದಲ್ಲಿ, ಅದೇ ಇಕ್ಕಟ್ಟಾದ ಕೋಣೆಯಲ್ಲಿ ನಡೆಯಬೇಕು. ತಮಿಳುನಾಡಿನ ಮದ್ಯದಂಗಡಿಗಳ ನೌಕರರು ಇದೇ ಕಾರಣಕ್ಕಾಗಿ ಪ್ರತಿಭಟನೆಗಿಳಿದರು. ಗೋವಾದಲ್ಲಿ ಮದ್ಯದ ವ್ಯಾಪಾರಿಗಳೂ ವಾಣಿಜ್ಯ ಸಂಸ್ಥೆಗಳೂ ವಿರೋಧಿಸಿದವು. ಇಷ್ಟಾದರೂ ನೀಲಗಿರಿಯಲ್ಲಿ ಮಾರಾಟವಾದ ಬಾಟಲಿಗಳ ಬಹುಪಾಲು ಮರಳಿ ಬಂದವು ಎಂಬುದು ನಿರ್ವಿವಾದ. ಆನೆಗಳ ಕಾಲಿಗೆ ಗಾಜು ಚುಚ್ಚುತ್ತಿದ್ದ ಕಾಡಿನ ಅಂಚಿನಲ್ಲಿ ಹತ್ತು ರೂಪಾಯಿಯ ಆಸೆಯು, ಎಷ್ಟೋ ಫಲಕಗಳಿಗೂ ದಂಡದ ಎಚ್ಚರಿಕೆಗಳಿಗೂ ಸಾಧ್ಯವಾಗದ್ದನ್ನು ಸಾಧಿಸಿತು.

ವಾಸ್ತವದಲ್ಲಿ ಇದರಲ್ಲಿ ಹೊಸತೇನಿದೆ? ನಮ್ಮ ಹಿರಿಯರಿಗೆ ಗೋಲಿ ಸೋಡಾದ ಬಾಟಲಿಯ ನೆನಪಿದೆ. ಅಂಗಡಿಯ ಕಟ್ಟೆಯ ಮೇಲೆ ನಿಂತು ಕುಡಿದು ಬಾಟಲಿಯನ್ನು ಅಲ್ಲಿಯೇ ಇಟ್ಟು ಬರುತ್ತಿದ್ದರು. ಮನೆಗೆ ಒಯ್ಯುವುದಾದರೆ ಅಂಗಡಿಯವನ ಕೈಯಲ್ಲಿ ಅನಾಮತ್ತು ಇಡಬೇಕಿತ್ತು. ತಂಪು ಪಾನೀಯದ ಗಾಜಿನ ಬಾಟಲಿಗಳು ಪೆಟ್ಟಿಗೆ ಸಮೇತ ಕಾರ್ಖಾನೆಗೆ ಮರಳುತ್ತಿದ್ದವು. ಒಂದು ಬಾಟಲಿ ಕಡಿಮೆಯಾದರೂ ಅಂಗಡಿಯವನು ಲೆಕ್ಕ ಕೊಡಬೇಕಿತ್ತು. ಅಂದು ಯಾರೂ ಇದನ್ನು ಪರಿಸರ ಸಂರಕ್ಷಣೆಯೆಂದು ಕರೆಯಲಿಲ್ಲ. ಬಾಟಲಿಗೆ ಬೆಲೆಯಿತ್ತು, ಆದ್ದರಿಂದ ಅದು ಚರಂಡಿಗೆ ಬೀಳಲಿಲ್ಲ. ಪ್ಲಾಸ್ಟಿಕ್ ಬಾಟಲಿ ಬಂದ ಮೇಲೆ ಕಂಪೆನಿಗಳು ಬಾಟಲಿಯನ್ನು ಮರಳಿ ಪಡೆಯುವ ಹೊಣೆಯನ್ನು ಕೆಳಗಿಳಿಸಿಕೊಂಡವು. ತೊಳೆಯುವ, ಸಾಗಿಸುವ ಖರ್ಚು ಅವರಿಗೆ ಉಳಿಯಿತು. ಅದೇ ಖರ್ಚು ನಗರಸಭೆಯ ಪೌರಕಾರ್ಮಿಕನ ಹೆಗಲಿಗೂ, ಊರ ಹೊರಗಿನ ಹೊಲದ ಒಡೆಯನ ಹೆಗಲಿಗೂ ಏರಿತು. ಲಾಭವನ್ನು ಖಾಸಗಿಯಾಗಿಯೂ ಹೊಲಸನ್ನು ಸಾರ್ವಜನಿಕವಾಗಿಯೂ ಹಂಚುವ ಈ ವ್ಯವಸ್ಥೆಗೆ ನಾವೆಲ್ಲ ಎಷ್ಟು ಒಗ್ಗಿಹೋಗಿದ್ದೇವೆಂದರೆ, ಅನಾಮತ್ತಿನ ಮಾತು ಬಂದಾಗ ಅದೇ ನಮಗೆ ಅನ್ಯಾಯವಾಗಿ ತೋರುತ್ತದೆ.

ನಮ್ಮ ಭಾಗದ ಸ್ಥಿತಿಯನ್ನು ನೋಡೋಣ. ಪುಣೆ-ಬೆಂಗಳೂರು ಹೆದ್ದಾರಿಯು ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮಗ್ಗುಲಲ್ಲೇ ಹಾದುಹೋಗುತ್ತದೆ. ಆ ದಾರಿಯಲ್ಲಿ ಸಾಗುವ ವಾಹನಗಳಿಂದ ಹೊರಬೀಳುವ ನೀರಿನ ಬಾಟಲಿ, ಮದ್ಯದ ಬಾಟಲಿಗಳು ಇಕ್ಕೆಲದ ಹೊಲಗಳಲ್ಲಿ ಬೀಳುತ್ತವೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹಂಗಾಮಿನಲ್ಲಿ ಬಳ್ಳಾರಿ, ರಾಯಚೂರುಗಳಿಂದಲೂ ಆಂಧ್ರದಿಂದಲೂ ರೈತರು ಬರುತ್ತಾರೆ. ಬಿಸಿಲು, ಘಾಟು, ಲಾರಿಗಳ ಸಾಲು. ಬಾಯಾರಿದವನ ಕೈಗೆ ಸಿಗುವುದು ನೀರಿನ ಪೊಟ್ಟಣ ಅಥವಾ ಬಾಟಲಿ. ಭೌಗೋಳಿಕ ಗುರುತು ಪಡೆದು ಜಗತ್ತಿಗೆಲ್ಲ ಹೆಸರಾದ ಕೆಂಪು ಮೆಣಸಿನಕಾಯಿಯ ಪ್ರಾಂಗಣದ ಸುತ್ತ ಖಾಲಿ ಪ್ಲಾಸ್ಟಿಕ್ ಬಿದ್ದಿರುವುದು ಯಾರಿಗೆ ಶೋಭೆ? ಹಾವೇರಿ ಜಿಲ್ಲೆಯ ವರದಾ ನದಿಯು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಊರ ಚರಂಡಿಗಳು ತಮ್ಮ ಪಾಲಿನ ಪ್ಲಾಸ್ಟಿಕ್ಕನ್ನು ಹಳ್ಳಗಳಿಗೂ, ಹಳ್ಳಗಳು ನದಿಗೂ ಒಪ್ಪಿಸುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗಾಗಿ 1974ರಲ್ಲಿಯೇ ಅಭಯಾರಣ್ಯ ರಚಿಸಿದ ರಾಜ್ಯ ನಮ್ಮದು. ಆ ಜಿಂಕೆಗಳು ಮೇಯುವ ಬಯಲಿಗೆ ಗಾಜು ಬೀಳದಂತೆ ನೋಡಿಕೊಳ್ಳುವುದೂ ಅದೇ ಅಭಯದ ಭಾಗವಲ್ಲವೇ?

ಕರ್ನಾಟಕವು 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರವೂ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ಆದರೆ ನೀರಿನ ಬಾಟಲಿ ಈ ಎರಡೂ ಬಲೆಗಳಿಂದ ನುಸುಳಿಕೊಂಡಿತು. ನಿಷೇಧದ ಬಿಸಿ ತಟ್ಟಿದ್ದು ಹೆಚ್ಚಾಗಿ ತಳ್ಳುಗಾಡಿಯ ಹಣ್ಣಿನವನಿಗೆ, ಸಂತೆಯಲ್ಲಿ ಕುಳಿತ ಕಾಯಿಪಲ್ಲೆಯ ಮುದುಕಿಗೆ. ದಂಡದ ರಸೀದಿಯು ಚೀಲ ಹಿಡಿದವನ ಕೈಗೆ ಬಂದಿತೇ ಹೊರತು ಚೀಲ ತಯಾರಿಸಿದವನ ಬಾಗಿಲಿಗೆ ಹೋಗಲಿಲ್ಲ. ಆದ್ದರಿಂದಲೇ ಹೊಸ ಯೋಜನೆಯೆಂದರೆ ಸಣ್ಣ ವ್ಯಾಪಾರಿಯು ಮೊದಲು ಹೆದರುತ್ತಾನೆ. ಆ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಅದು ಅನುಭವದಿಂದ ಬಂದದ್ದು.

'ಮದ್ಯದ ಬಾಟಲಿಯ ವಿಷಯ ಕುಡಿಯುವವರಿಗೆ ಬಿಟ್ಟದ್ದು, ಅದನ್ನು ಮುಟ್ಟದವರಿಗೆ ಇದರ ಗೊಡವೆ ಏಕೆ?' ಎಂಬ ಮಾತು ನಮ್ಮ ಸಮುದಾಯದಲ್ಲಿ ಸಹಜವಾಗಿ ಕೇಳಿಬರುತ್ತದೆ. ಒಡೆದ ಗಾಜಿನ ಚೂರಿಗೆ ಕುಡಿದವನ ಪಾದ ಯಾವುದು, ಕುಡಿಯದವನ ಪಾದ ಯಾವುದು ಎಂಬ ವ್ಯತ್ಯಾಸ ತಿಳಿಯುವುದಿಲ್ಲ. ನಾಟಿ ಮಾಡುವ ಕೂಲಿ ಹೆಣ್ಣುಮಗಳು, ಶಾಲೆಯ ಮೈದಾನದಲ್ಲಿ ಬರಿಗಾಲಲ್ಲಿ ಓಡುವ ಮಗು, ಮೇಯುವ ದನ, ಇವರಲ್ಲಿ ಯಾರೂ ಆ ಬಾಟಲಿಯನ್ನು ಕೊಂಡವರಲ್ಲ. ದಾರಿಯಲ್ಲಿ ಬಿದ್ದ, ಇತರರಿಗೆ ತೊಂದರೆಯಾಗುವ ವಸ್ತುವನ್ನು ಸರಿಸುವುದೂ ವಿಶ್ವಾಸದ ಒಂದು ಶಾಖೆ ಎಂದು ಪ್ರವಾದಿವರ್ಯರು(ಸ) ಕಲಿಸಿದಾಗ, ಅದನ್ನು ಅಲ್ಲಿ ಹಾಕಿದವನು ಯಾರು ಎಂಬ ವಿಚಾರಣೆಯನ್ನು ಷರತ್ತಾಗಿ ಇಡಲಿಲ್ಲ. ಮದ್ಯದ ವಿರುದ್ಧದ ನಮ್ಮ ನಿಲುವು ಕಿಂಚಿತ್ತೂ ಸಡಿಲಗೊಳ್ಳದೆಯೇ ಬಾಟಲಿಯ ವಿಷಯದಲ್ಲಿ ನಾವು ದನಿ ಎತ್ತಬಹುದು, ಎತ್ತಬೇಕು.

ಇಲ್ಲಿ ಸರ್ಕಾರದ ನಡೆಯನ್ನೂ ಪ್ರಶ್ನಿಸದೆ ಇರಲಾಗದು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಹಳ್ಳಿಗಳ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟಿದ್ದರು. ಸಾರಾಯಿಯ ಪಾಕೀಟು ಮರೆಯಾಯಿತು. ಅದರ ಜಾಗಕ್ಕೆ ಅಗ್ಗದ ಮದ್ಯದ ಕಾಗದದ ಪೊಟ್ಟಣವೂ ಪ್ಲಾಸ್ಟಿಕ್ ಬಾಟಲಿಯೂ ಬಂದವು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಎಷ್ಟು ಮದ್ಯ ಮಾರಾಟವಾಗಬೇಕೆಂಬುದಕ್ಕೆ ಗುರಿ ಇಟ್ಟುಕೊಳ್ಳುವ ಸರ್ಕಾರದ ಬಳಿ, ಆ ಮದ್ಯ ಬಿಟ್ಟುಹೋಗುವ ಗಾಜು ಮತ್ತು ಪ್ಲಾಸ್ಟಿಕ್ ಎಷ್ಟು ಮರಳಿ ಬರಬೇಕೆಂಬ ಗುರಿ ಏಕಿರಬಾರದು? ಹಾಗೆಂದು ಬಾಟಲಿಗಳು ಮರಳಿ ಬಂದ ಮಾತ್ರಕ್ಕೆ ಕುಡಿತದಿಂದ ಬೀದಿಗೆ ಬಿದ್ದ ಕುಟುಂಬಗಳ ಲೆಕ್ಕ ಚುಕ್ತಾ ಆಗುವುದಿಲ್ಲ. ರಸ್ತೆ ಸ್ವಚ್ಛವಾಯಿತೆಂಬ ಪ್ರಚಾರವು ಮದ್ಯದಂಗಡಿಗಳನ್ನು ಇನ್ನಷ್ಟು ತೆರೆಯಲು ನೆಪವಾಗಬಾರದು.

ಈಗ ನಮ್ಮ ಊರುಗಳಿಗೆ ಅತ್ಯಂತ ಹತ್ತಿರದ ಪ್ರಶ್ನೆಗೆ ಬರೋಣ. ಗುಜರಿ ವ್ಯಾಪಾರದಲ್ಲಿ, ಮೋಡಕಾ ಸಾಮಾನು ಕೊಳ್ಳುವ ಕೈಗಾಡಿಯ ದುಡಿಮೆಯಲ್ಲಿ ನಮ್ಮ ಸಮುದಾಯದ ಅನೇಕ ಬಡ ಕುಟುಂಬಗಳಿವೆ. ಬೆಳಗಿನ ಜಾವಕ್ಕೇ ಹೆಗಲಿಗೆ ಚೀಲ ಏರಿಸಿ ಹೊರಡುವ ಆಯುವವರಲ್ಲಿ ದಲಿತರೂ ಅಲೆಮಾರಿ ಜನಾಂಗದವರೂ ಮುಸ್ಲಿಮರೂ ಇದ್ದಾರೆ. ಅವರಲ್ಲಿ ಹೆಂಗಸರ ಪಾಲು ದೊಡ್ಡದು. ಲೀಟರ್ ನೀರಿನ ಖಾಲಿ ಬಾಟಲಿಯ ತೂಕ ಸುಮಾರು 20 ಗ್ರಾಂ. ಒಂದು ಕಿಲೋ ಕೂಡಿಸಲು ಐವತ್ತು ಬಾಟಲಿ ಆಯಬೇಕು. ಅಂದರೆ ಐವತ್ತು ಸಲ ಬಗ್ಗಬೇಕು. ಅಷ್ಟಕ್ಕೆ ಗುಜರಿಯಲ್ಲಿ ಸಿಗುವುದು ಕೆಲವೇ ಹತ್ತು ರೂಪಾಯಿಗಳು. ಅದೇ ಬಾಟಲಿಗೆ 10 ರೂಪಾಯಿ ಅನಾಮತ್ತು ಇದ್ದರೆ ಐವತ್ತು ಬಾಟಲಿಗೆ 500 ರೂಪಾಯಿ. ಈ ಲೆಕ್ಕವನ್ನು ಎರಡು ಬಗೆಯಲ್ಲಿ ಓದಬಹುದು. ಬೀದಿಯಲ್ಲಿ ಬಿದ್ದ ಬಾಟಲಿಯನ್ನು ಆಯುವ ತಾಯಿಗೆ ಅದು ದಿನದ ಅನ್ನ. ಆದರೆ ಬಾಟಲಿಗೆ ಇಷ್ಟು ಬೆಲೆ ಬಂದ ಮೇಲೆ ಮನೆಯವರೂ ಹೋಟೆಲಿನವರೂ ಅದನ್ನು ಬೀದಿಗೆ ಬಿಡುವುದಿಲ್ಲ. ಮರಳಿಸುವ ಕೇಂದ್ರದ ಗುತ್ತಿಗೆಯು ಹಣವಂತನಿಗೆ ಹೋಗುತ್ತದೆ. ಗುಜರಿ ಅಂಗಡಿಗೆ ಬರುತ್ತಿದ್ದ ಸರಕು ಅವನ ಮುಂದೆಯೇ ಲಾರಿ ಏರಿ ಹೊರಟುಹೋಗುತ್ತದೆ. ಊರನ್ನು ಇಷ್ಟು ಕಾಲ ಪುಕ್ಕಟೆಯಾಗಿ ಶುಚಿಗೊಳಿಸಿದವನು ಶುಚಿತ್ವಕ್ಕೆ ಬೆಲೆ ಬಂದ ದಿನವೇ ಹೊರಗುಳಿಯುವುದಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಮತ್ತೊಂದಿಲ್ಲ.

ಜರ್ಮನಿಯಲ್ಲಿ 2003ರ ಜನವರಿಯಿಂದ ಒಮ್ಮೆ ಬಳಸುವ ಪಾನೀಯದ ಡಬ್ಬಿ, ಬಾಟಲಿಗಳಿಗೆ ಕಡ್ಡಾಯ ಅನಾಮತ್ತು ಇದೆ. ಈಗ ಅದು 25 ಸೆಂಟ್. ಅಲ್ಲಿಯೂ ಮೊದಮೊದಲು ವ್ಯಾಪಾರಿಗಳು ಸಿಡುಕಿದರು. ಇಂದು ಅಲ್ಲಿನ ಎಷ್ಟೋ ಮಂದಿ ಬಾಟಲಿಯನ್ನು ಕಸದ ತೊಟ್ಟಿಯ ಒಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ. ಬಡವನೊಬ್ಬ ಕೈ ಹೊಲಸು ಮಾಡಿಕೊಳ್ಳದೆ ಒಯ್ಯಲಿ ಎಂಬುದು ಅದರ ಹಿಂದಿನ ಆಶಯ. ಐರ್ಲೆಂಡ್ 2024ರ ಫೆಬ್ರವರಿ 1ರಂದು ಯೋಜನೆಯನ್ನು ಆರಂಭಿಸಿದಾಗ ಯಂತ್ರ ಕೆಟ್ಟಿದೆ, ಸಾಲು ದೊಡ್ಡದು ಎಂಬ ದೂರುಗಳ ಸುರಿಮಳೆಯಾಯಿತು. ಕ್ರಮೇಣ ಜನ ಅದಕ್ಕೆ ಒಗ್ಗಿಕೊಂಡರು. ಆರಂಭದ ಗೊಣಗಾಟವನ್ನೇ ಅಂತಿಮ ತೀರ್ಪೆಂದು ಭಾವಿಸಿ ಸರ್ಕಾರ ಹಿಂದೆ ಸರಿಯಬೇಕಿಲ್ಲ. ಆದರೆ ಗೊಣಗುವವನ ಮಾತಿನಲ್ಲಿರುವ ನಿಜವನ್ನು ಕೇಳಿಸಿಕೊಳ್ಳದ ಯೋಜನೆ ಉಳಿಯುವುದೂ ಇಲ್ಲ.

ಉಳಿಯದ ಯೋಜನೆಯ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರ 2018ರಲ್ಲಿ ಪ್ಲಾಸ್ಟಿಕ್ ನಿಷೇಧದೊಂದಿಗೆ ನೀರಿನ ಬಾಟಲಿಗಳಿಗೆ ಒಂದು, ಎರಡು ರೂಪಾಯಿಗಳ ಅನಾಮತ್ತನ್ನು ಘೋಷಿಸಿತು. ಹಾಲಿನ ಪೊಟ್ಟಣಕ್ಕೆ ಐವತ್ತು ಪೈಸೆಯ ಮಾತೂ ಬಂದಿತು. ಎಲ್ಲಿ ಮರಳಿಸಬೇಕು, ಅಂಗಡಿಯವನಿಗೆ ಆ ಹಣ ಯಾರಿಂದ ಬರಬೇಕು ಎಂಬ ವ್ಯವಸ್ಥೆ ಗಟ್ಟಿಯಾಗಲಿಲ್ಲ. ಪರಿಣಾಮವಾಗಿ ಅದು ಜನಜೀವನದಲ್ಲಿ ಬೇರೂರಲೇ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ ಉತ್ತರಾಖಂಡದ ಕೇದಾರನಾಥದಲ್ಲಿ 2022ರಲ್ಲಿ ಪ್ರತಿ ಬಾಟಲಿಗೆ ಸಂಕೇತದ ಚೀಟಿ ಅಂಟಿಸಿ, 10 ರೂಪಾಯಿ ಪಡೆದು, ನಿಗದಿತ ಸ್ಥಳಗಳಲ್ಲಿ ಹಣ ಮರಳಿಸುವ ಕ್ರಮವನ್ನು ಜಾರಿಗೊಳಿಸಲಾಯಿತು. ಪರ್ವತದ ಯಾತ್ರಾಸ್ಥಳದಲ್ಲಿ ಸಾಧ್ಯವಾದದ್ದು ಬ್ಯಾಡಗಿಯ ಮಾರುಕಟ್ಟೆಯ ಪ್ರಾಂಗಣದಲ್ಲಿ ಅಸಾಧ್ಯವೇನಲ್ಲ.

ಕರ್ನಾಟಕದಲ್ಲಿ ಇಂಥ ಯೋಜನೆ ರೂಪುಗೊಳ್ಳುವಾಗ ಕೆಲವು ಅಂಶಗಳನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಮೊದಲನೆಯದಾಗಿ, ಒಂದೇ ಜಿಲ್ಲೆಯಲ್ಲಿ ಪ್ರಯೋಗ ಮಾಡುವುದು ನಮ್ಮ ಭಾಗಕ್ಕೆ ಹೊಂದುವುದಿಲ್ಲ. ರಾಣೆಬೆನ್ನೂರಿನವರು ತುಂಗಭದ್ರೆಯ ಸೇತುವೆ ದಾಟಿದರೆ ಹರಿಹರ. ಅದು ದಾವಣಗೆರೆ ಜಿಲ್ಲೆ. ದಿನವಿಡೀ ಬಸ್ಸುಗಳ ಓಡಾಟ. ಅಲ್ಲಿ ಅನಾಮತ್ತಿಲ್ಲದೆ ಕೊಂಡ ಬಾಟಲಿ ಇಲ್ಲಿ ಹಣ ಕೇಳುತ್ತ ಬರುತ್ತದೆ. ಇಲ್ಲಿ ಅನಾಮತ್ತು ತೆತ್ತು ಕೊಂಡದ್ದು ಅಲ್ಲಿ ಬೆಲೆಯಿಲ್ಲದೆ ಬೀಳುತ್ತದೆ. ಯೋಜನೆ ರಾಜ್ಯವ್ಯಾಪಿಯಾಗಿರಬೇಕು, ಕೊಂಡಲ್ಲಿಯೇ ಮರಳಿಸಬೇಕೆಂಬ ಕಟ್ಟುಪಾಡು ಇರಬಾರದು. ಎರಡನೆಯದಾಗಿ, ಮದ್ಯದ ಮಟ್ಟಿಗೆ ರಾಜ್ಯದಲ್ಲಿ ಸಿದ್ಧ ವ್ಯವಸ್ಥೆಯೇ ಇದೆ. ಚಿಲ್ಲರೆ ಮಾರಾಟ ಬಹುಪಾಲು ಖಾಸಗಿ ಸನ್ನದುದಾರರ ಕೈಯಲ್ಲಿದ್ದರೂ, ಸರಕು ಮಾತ್ರ ರಾಜ್ಯ ಪಾನೀಯ ನಿಗಮದ ದಾಸ್ತಾನು ಮಳಿಗೆಗಳ ಮೂಲಕವೇ ಹಾದುಬರುತ್ತದೆ. ಬಾಟಲಿಯ ಮೇಲೆ ಅಬಕಾರಿಯ ಚೀಟಿ ಇದ್ದೇ ಇರುತ್ತದೆ. ಸುಂಕ ವಸೂಲಿಗೆ ಒದಗುವ ಚೀಟಿ ಬಾಟಲಿಯ ಲೆಕ್ಕಕ್ಕೂ ಒದಗೀತು. ಆದರೆ ಬಾಟಲಿಗೆ ಮಾತ್ರ ಅನಾಮತ್ತು ವಿಧಿಸಿ ಕಾಗದದ ಪೊಟ್ಟಣವನ್ನು ಬಿಟ್ಟರೆ ಕಂಪೆನಿಗಳು ಪೊಟ್ಟಣದತ್ತ ವಾಲುತ್ತವೆ, ಹೊಲಸು ರೂಪ ಬದಲಿಸುತ್ತದೆ ಅಷ್ಟೆ.

ಮೂರನೆಯದಾಗಿ, ಖರ್ಚನ್ನು ಹೊರಬೇಕಾದವರು ತಯಾರಕರು. ಪ್ಲಾಸ್ಟಿಕ್ ತ್ಯಾಜ್ಯದ ಕುರಿತ 2016ರ ಕೇಂದ್ರ ನಿಯಮಗಳು ಉತ್ಪಾದಕರ ಹೊಣೆಯನ್ನು ಗುರುತಿಸಿದವು. 2022ರ ಮಾರ್ಗಸೂಚಿಗಳು ಅನಾಮತ್ತು ಮರಳಿಸುವ ಪದ್ಧತಿಯನ್ನು ಅವರು ಅನುಸರಿಸಬಹುದೆಂದು ಸ್ಪಷ್ಟವಾಗಿ ಹೇಳಿದವು. 'ಬಹುದು' ಎಂಬ ಆ ಒಂದು ಶಬ್ದದಲ್ಲಿಯೇ ದೊಡ್ಡ ಕಂಪೆನಿಗಳು ಆಶ್ರಯ ಪಡೆದಿವೆ. ಅದು 'ಬೇಕು' ಆಗುವವರೆಗೆ ಪಾನ್ ಅಂಗಡಿಯವನ ಮೇಲೆ ನಿಯಮದ ಭಾರ ಹೇರುವುದು ನ್ಯಾಯವಲ್ಲ. ಬಾಟಲಿ ಮರಳಿ ಪಡೆಯುವ ಅಂಗಡಿಯವನಿಗೆ ಪ್ರತಿ ಬಾಟಲಿಗೂ ಶ್ರಮದ ಬಾಬ್ತು ಸಿಗಬೇಕು. ಜಾಗವಿಲ್ಲದ ಅಂಗಡಿಗಳಿಗೆ ವಿನಾಯಿತಿ ನೀಡಿ, ಬಸ್ ನಿಲ್ದಾಣ, ಕೃಷಿ ಮಾರುಕಟ್ಟೆ, ಸಂತೆ ಮೈದಾನಗಳಲ್ಲಿ ಕೇಂದ್ರಗಳನ್ನು ತೆರೆಯಬೇಕು. ನಾಲ್ಕನೆಯದಾಗಿ, ಆ ಕೇಂದ್ರಗಳನ್ನು ನಡೆಸುವ ಮೊದಲ ಹಕ್ಕು ಸ್ಥಳೀಯ ಗುಜರಿ ವ್ಯಾಪಾರಿಗಳಿಗೂ ಆಯುವವರ ಸಂಘಗಳಿಗೂ ಸಲ್ಲಬೇಕು. ಬೆಂಗಳೂರಿನ ಮಹಾನಗರ ಪಾಲಿಕೆ 2011ರಲ್ಲಿಯೇ ತ್ಯಾಜ್ಯ ಆಯುವವರಿಗೆ ಗುರುತಿನ ಚೀಟಿ ನೀಡಿ ದೇಶಕ್ಕೆ ಮಾದರಿಯಾಯಿತು. ಹಾವೇರಿ, ರಾಣೆಬೆನ್ನೂರಿನ ನಗರಸಭೆಗಳಿಗೂ ಬ್ಯಾಡಗಿಯ ಪುರಸಭೆಗೂ ಅದು ಹೊರಲಾರದ ಹೊರೆಯೇ? ಹಣವು ಮೊಬೈಲಿನ ಮೂಲಕ ಮಾತ್ರ ಮರಳುವುದೆಂಬ ನಿಯಮವೂ ಬೇಡ. ಬ್ಯಾಂಕ್ ಖಾತೆಯಿಲ್ಲದ ಮುದುಕಿಯ ಕೈಗೆ ನಾಣ್ಯವೇ ಬರಬೇಕು.

ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮರಳಿ ಬಾರದ ಬಾಟಲಿಗಳ ಹಣ ಯಾರದು? ನೂರರಲ್ಲಿ ಹತ್ತು ಮಂದಿ ಮರಳಿಸದಿದ್ದರೂ ರಾಜ್ಯಮಟ್ಟದಲ್ಲಿ ಅದು ಕೋಟಿಗಳ ಮೊತ್ತವಾಗುತ್ತದೆ. ನಮ್ಮ ಆಡುಮಾತಿನ 'ಅನಾಮತ್ತು' ಎಂಬ ಶಬ್ದವು ಅರಬಿಯ 'ಅಮಾನತ್'ನಿಂದ ಬಂದದ್ದು. ಒಬ್ಬರು ನಂಬಿ ಇನ್ನೊಬ್ಬರ ಕೈಯಲ್ಲಿ ಇಟ್ಟ ಸೊತ್ತು ಎಂಬುದು ಅದರ ಅರ್ಥ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಪವಿತ್ರ ಕುರ್‌ಆನಿನ ಸ್ಪಷ್ಟ ಆದೇಶ. ಇಟ್ಟುಕೊಂಡವನು ಅದನ್ನು ತನ್ನ ಲಾಭವೆಂದು ಎಣಿಸುವಂತಿಲ್ಲ. ಸರ್ಕಾರಕ್ಕೂ ಕಂಪೆನಿಗೂ ಈ ನೀತಿ ಅನ್ವಯಿಸುತ್ತದೆ. ಮರಳದ ಹಣವನ್ನು ಬೊಕ್ಕಸದ ಸಾಮಾನ್ಯ ವರಮಾನಕ್ಕೆ ಸೇರಿಸದೆ ಪ್ರತ್ಯೇಕ ಖಾತೆಯಲ್ಲಿರಿಸಿ, ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸಿ, ಪೌರಕಾರ್ಮಿಕರ ಹಾಗೂ ಆಯುವವರ ಆರೋಗ್ಯಕ್ಕೆ, ಅವರ ಮಕ್ಕಳ ಶಾಲೆಗೆ ವಿನಿಯೋಗಿಸಬೇಕು. ಈ ಲೆಕ್ಕ ಜನರ ಕಣ್ಣಿಗೆ ಬೀಳದಿದ್ದರೆ 'ಇದು ಇನ್ನೊಂದು ತೆರಿಗೆ' ಎಂಬ ಜನರ ಶಂಕೆಯೇ ನಿಜವಾಗುತ್ತದೆ.

ಸರ್ಕಾರಕ್ಕೆ ಇಷ್ಟೆಲ್ಲ ಹೇಳುವ ನಮ್ಮ ಸಮುದಾಯವು ತನ್ನ ಅಂಗಳವನ್ನೂ ನೋಡಿಕೊಳ್ಳಬೇಕಲ್ಲವೇ? ಇಂದು ಶಾದಿ ಮಹಲ್‌ಗಳ ದಾವತ್ತುಗಳಲ್ಲಿ ಪ್ರತಿ ಎಲೆಯ ಮುಂದೆ ಸಣ್ಣ ನೀರಿನ ಬಾಟಲಿ ಇಡುವುದು ಅಂತಸ್ತಿನ ಗುರುತಾಗಿದೆ. ಅತಿಥಿ ಎರಡು ಗುಟುಕು ಕುಡಿದು ಏಳುತ್ತಾನೆ. ಉಳಿದ ನೀರೂ ಬಾಟಲಿಯೂ ಒಟ್ಟಿಗೆ ಹಿತ್ತಿಲಿನ ರಾಶಿ ಸೇರುತ್ತವೆ. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪಾಠ ಕೇಳಿ ಬೆಳೆದ ಜನರಿಗೆ ಇದು ಹೇಗೆ ಒಪ್ಪಿತವಾಯಿತು? ರಮಝಾನಿನ ಇಫ್ತಾರ್‌ಗಳ ನಂತರ ಮಸೀದಿಯ ಹೊರಗಿನ ಚರಂಡಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿಲ್ಲ. ಅನಾಮತ್ತಿನ ಕಾನೂನು ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಮೂರೂ ಊರುಗಳ ಅಂಜುಮನ್ ಸಮಿತಿಗಳು ತಮ್ಮ ಮಹಲ್‌ಗಳ ಬಾಡಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ನೀರಿಗೆ ಜಗ್ಗು, ಸ್ಟೀಲಿನ ಲೋಟ ಬಳಸತಕ್ಕದ್ದು. ಲೋಟಗಳನ್ನು ಸಮಿತಿಯೇ ಕೊಂಡಿರಿಸಿ ಬಾಡಿಗೆಗೆ ಕೊಟ್ಟರೆ ಬಡ ತಂದೆಯೊಬ್ಬನ ಮದುವೆ ಖರ್ಚಿನಲ್ಲಿ ನೀರಿನ ಬಾಟಲಿಯ ಬಾಬತ್ತಾದರೂ ಇಳಿಯುತ್ತದೆ. ಬಾಟಲಿ ಅನಿವಾರ್ಯವಾದ ಕಡೆ ಖಾಲಿಯಾದುದನ್ನು ಬೇರೆಯಾಗಿ ಕೂಡಿಸಿಟ್ಟು, ಊರಿನ ಆಯುವವರನ್ನು ಕರೆದು, ಅವರಿಗೊಂದು ಎಲೆ ಹಾಕಿ ಉಣಬಡಿಸಿ ಒಪ್ಪಿಸುವ ರೂಢಿ ಬೆಳೆಯಲಿ.

ಖಾಲಿ ಬಾಟಲಿಗೆ ಬೆಲೆ ಕಟ್ಟುವ ಯೋಜನೆಯನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ತಯಾರಕನನ್ನು ಬಿಟ್ಟು ಕೊಳ್ಳುವವನನ್ನು ಹಿಡಿಯುವ, ಆಯುವವನನ್ನು ಬಿಟ್ಟು ಗುತ್ತಿಗೆದಾರನನ್ನು ಸಾಕುವ ಯೋಜನೆಯಾಗಿ ಬರುವುದಾದರೆ ಅದನ್ನು ವಿರೋಧಿಸುವವರ ಸಾಲಿನಲ್ಲಿಯೂ ನಾವೇ ಮೊದಲು ನಿಲ್ಲುತ್ತೇವೆ. ಹಾವೇರಿ ಜಿಲ್ಲೆಯ ಶಾಸಕರು ಈ ವಿಷಯವನ್ನು ಸದನದಲ್ಲಿ ಎತ್ತಲಿ. ಗುಜರಿ ವ್ಯಾಪಾರಿಗಳು, ಕಿರಾಣಿ ಅಂಗಡಿಯವರು, ರೈತ ಸಂಘಗಳು, ಪೌರಕಾರ್ಮಿಕರು, ಇವರೆಲ್ಲರನ್ನೂ ಜಿಲ್ಲಾಡಳಿತ ಒಂದೇ ಸಭೆಗೆ ಕರೆದು ಕರಡು ಸಿದ್ಧವಾಗುವ ಮೊದಲೇ ಅಭಿಪ್ರಾಯ ಕೇಳಲಿ. ನೆರೆಯ ರಾಜ್ಯಗಳಲ್ಲಿ ಅಧಿಸೂಚನೆ ಹೊರಟ ಮೇಲೆ ಎದ್ದ ಗದ್ದಲವನ್ನು ನೋಡಿದವರಿಗೆ, ಕೇಳಬೇಕಾದವರನ್ನು ಮೊದಲೇ ಕೇಳುವುದರ ಲಾಭವನ್ನು ವಿವರಿಸಿ ಹೇಳಬೇಕಾಗಿಲ್ಲ.